ಅಲಗಿನ ತುದಿಯ ಮೂರು ತೂತು

19 ಆಗಸ್ಟ್ 1956, ಭಾನುವಾರ

ಈ ಡೈರಿ 1953ರದ್ದು. ಮಿಲ್ಲಿನಲ್ಲಿದ್ದಾಗ ಕೊಟ್ಟದ್ದು, ಮೂರು ವರ್ಷ ಟ್ರಂಕಿನ ತಳದಲ್ಲಿ ಬಿದ್ದಿತ್ತು. ಅಚ್ಚಾಗಿರುವ ವಾರಗಳನ್ನು ಹೊಡೆದುಹಾಕಿ ಬರೆಯುತ್ತಿದ್ದೇನೆ. ಇಂಜಿನಿಯರ್ ಜಗನ್ನಾಥಯ್ಯನವರು, "ಮಾಡಿದ ಕೆಲಸಾನ ಎರಡು ಸಾಲು ಬರೆದಿಡಿ ನಂಜುಂಡಪ್ಪ, ಮರೆತುಹೋಗತ್ತೆ" ಎಂದರು. ನನಗೆ ಮರೆವಿಲ್ಲ. ಆದರೂ ಇರಲಿ.

ಇವತ್ತು ಪಂಖ ಮನೆಗೆ ಬಂತು. ನಾನೀಗ ಕೆಲಸ ಮಾಡುವ ವಿಮಾನದ ಕ್ಲಬ್ಬಿನವರು ಅದನ್ನು ಪ್ರೊಪೆಲ್ಲರ್ ಎನ್ನುತ್ತಾರೆ. ವಿಮಾನದ ಮೂಗಿನ ಮೇಲೆ ತಿರುಗುವ ಮರದ ಪಂಖ, ಆರಡಿ ನಾಲ್ಕಂಗುಲ ಉದ್ದ, ಎರಡು ಅಲಗು. ನಾಗರಬಾವಿಯ ಮೈದಾನದಿಂದ ಬಿನ್ನಿಪೇಟೆಯ ಮನೆಯವರೆಗೆ ಜಟಕಾದಲ್ಲಿ ತಂದೆ. ಹೆಂಡತಿ ಲಕ್ಷ್ಮಿಯ ಎರಡು ಹಳೆ ಸೀರೆ ಸುತ್ತಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದೆ. ಮೂಡಲಪಾಳ್ಯದ ಹತ್ತಿರ ಒಬ್ಬ ಮುದುಕ ಟವಲು ತೆಗೆದು ಕೈಮುಗಿದು, "ಯಾರ್ ಹೋಗ್ಬುಟ್ರಪ್ಪಾ?" ಎಂದು ಕೇಳಿದ. ಜಟಕಾದವನು ಬಿನ್ನಿಪೇಟೆ ಬರುವ ತನಕ ನಗುತ್ತಿದ್ದ.

ಕ್ಲಬ್ಬಿಗೆ ಇರುವುದು ಒಂದೇ ವಿಮಾನ. ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಕೊಂಡದ್ದು, ಎರಡಂತಸ್ತಿನ ರೆಕ್ಕೆ, ಹಳದಿ ಬಣ್ಣ. ಅದರ ಮರದ ಕೆಲಸಕ್ಕೆಲ್ಲ ನಾನು. ಬಟ್ಟೆ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ಮಗ್ಗದ ಲಾಳಿ ಮಾಡಿದ ಕೈ ಇದು. ಫೋರ್‌ಮನ್ ಒಂದು ದಿನ ಲಾಳಿಯ ಮೂತಿ ಓರೆ ಎಂದ. ಅವನ ಮೇಜಿನ ಮೇಲೆ ಬಿಸಾಕಿ ಬಂದೆ. ಓರೆ ಇರಲಿಲ್ಲ. ಇಲ್ಲಿ ಅಕ್ಟೋಬರ್ ಕೊನೆಯವರೆಗೆ ಪರೀಕ್ಷೆಯ ಅವಧಿ, ಆಮೇಲೆ ಕೆಲಸ ಕಾಯಂ ಮಾಡುತ್ತೇವೆ ಎಂದಿದ್ದಾರೆ.

ಹಾರಲು ಕಲಿಯುವ ಐವರಲ್ಲಿ ಒಬ್ಬಳು ಹುಡುಗಿ. ರಾಜಾಜಿನಗರದ ಸ್ಕೂಲಿನಲ್ಲಿ ಮೇಷ್ಟ್ರಮ್ಮನಂತೆ. ಜಟಕಾ ಹೊರಡುವಾಗ ಬಂದು, "ಇದನ್ನ ಮಲಗಿಸಿ ಇಡಬೇಕಾ, ನಿಲ್ಲಿಸಿ ಇಡಬೇಕಾ?" ಎಂದಳು. ನಿಮಗ್ಯಾಕಮ್ಮ ಆ ಉಸಾಬರಿ ಎಂದೆ.

26 ಆಗಸ್ಟ್, ಭಾನುವಾರ

ವಾರವಿಡೀ ಒಂದೇ ಕೆಲಸ. ಹಳೆಯ ವಾರ್ನಿಶ್ಶನ್ನು ಗಾಜಿನ ಚೂರಿನಿಂದ ಹೆರೆದು ತೆಗೆದೆ. ಆಮೇಲೆ ಉಪ್ಪುಕಾಗದ ಹಾಕಿ ಉಜ್ಜಿದೆ, ಮೊದಲು ಒರಟು, ಕೊನೆಗೆ ನುಣುಪು. ಒಳಗಿನ ಮರ ನೋಡಿ ಸಂತೋಷವಾಯಿತು. ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಕೆತ್ತಿದ್ದಾರೆ. ಅಂಟಿನ ಗೆರೆ ಅಲಗಿನ ಉದ್ದಕ್ಕೂ ನೂಲು ಹಿಡಿದ ಹಾಗೆ ಹೋಗಿದೆ. ಯಾವ ದೇಶದವನೋ, ಕೆಲಸ ಬಲ್ಲವನು.

ಅಲಗಿನ ಅಂಚಿಗೆ ಹಿತ್ತಾಳೆಯ ತಗಡು ಹೊದಿಸಿದ್ದಾರೆ, ಕಲ್ಲು ಮಣ್ಣು ಹೊಡೆದು ಮರ ಸವೆಯದಿರಲಿ ಎಂದು. ಒಂದು ಅಲಗಿನಲ್ಲಿ ತಗಡು ಹಿಡಿದಿಡುವ ಒಂದು ರಿವೆಟ್ಟು ಸಡಿಲವಾಗಿತ್ತು, ಬಡಿದು ಕೂರಿಸಿದೆ. ತಗಡಿನ ತುದಿಯಲ್ಲಿ ಮಾತ್ರ ಒಂದು ಅಸಹ್ಯ. ಒಂದೊಂದು ಅಲಗಿಗೆ ಮೂರು ಮೂರು ತೂತು, ಸೂಜಿ ಹೋಗುವಷ್ಟು. ಹಿಂದಿನ ರಿಪೇರಿಯವನು ಯಾವನೋ ಮೊಳೆಗೆಂದು ಕೊರೆದು, ಹೊಡೆಯದೆ ಎದ್ದು ಹೋಗಿದ್ದಾನೆ. ಅಂಥ ಕೆಲಸ ನಮ್ಮಪ್ಪನ ಕಣ್ಣಿಗೆ ಬಿದ್ದಿದ್ದರೆ ಬೆರಳಿನ ಗಂಟಿಗೆ ಉಳಿಯ ಹಿಡಿಯಿಂದ ಕೊಡುತ್ತಿದ್ದ. ಅರಗು ಕರಗಿಸಿ ಆರನ್ನೂ ಮುಚ್ಚಿದೆ. ಮೇಲೆ ಮೂರು ಕೈ ವಾರ್ನಿಶ್. ಈಗ ತೂತು ಎಲ್ಲಿತ್ತು ಎಂದು ನನಗೇ ತಿಳಿಯುವುದಿಲ್ಲ.

ಇವತ್ತು ಜಗನ್ನಾಥಯ್ಯನವರು ಇಂಗ್ಲಿಷ್ ಪುಸ್ತಕ ಹಿಡಿದು ಮನೆಗೆ ಬಂದರು. "ತುದಿ ವಿಷಯ ಇಲ್ಲೊಂದು ಮಾತಿದೆ, ಕೇಳಿ" ಎಂದು ಶುರು ಮಾಡಿದರು. "ಮರದ ವಿಷಯ ನನಗೆ ಪುಸ್ತಕ ಹೇಳಬೇಕಾ ಸಾರ್?" ಎಂದೆ. ನಕ್ಕು ಮುಚ್ಚಿದರು. ಬಹಳ ಸಾಧು ಮನುಷ್ಯ.

ಆಮೇಲೆ ತೂಕ ನೋಡಿದೆವು. ಪಂಖದ ನಡುವಿನ ತೂತಿಗೆ ಉಕ್ಕಿನ ಕಡ್ಡಿ ತೂರಿಸಿ, ಎರಡು ಚೂಪು ಅಂಚಿನ ಪಟ್ಟಿಗಳ ಮೇಲೆ ಕೂರಿಸಬೇಕು. ಯಾವ ಅಲಗು ಭಾರವೋ ಅದು ಕೆಳಗೆ ಹೋಗುತ್ತದೆ. ನಮ್ಮದು ಇಟ್ಟ ಕಡೆ ಇಟ್ಟ ಹಾಗೆ ನಿಂತಿತು. ಜಗನ್ನಾಥಯ್ಯನವರು ಪಂಖದ ದಾಖಲೆ ಪುಸ್ತಕದಲ್ಲಿ ರುಜು ಹಾಕಿದರು.

ಬಚ್ಚಲ ಬಾಗಿಲು ನೆಲಕ್ಕೆ ಉಜ್ಜುತ್ತದೆ ಎಂದು ಲಕ್ಷ್ಮಿ ರಾಗ ಎಳೆದಳು. ನಾನು ಮಾಡಿದ ಬಾಗಿಲು ಉಜ್ಜುವುದಿಲ್ಲ. ಎಳೆಯಲು ಬರಬೇಕು.

30 ಆಗಸ್ಟ್, ಗುರುವಾರ

ಪಂಖ ಕೂರಿಸಿದೆವು. ಎಂಟು ಬೋಲ್ಟು. ಶಿಕ್ಷಕರಾದ ಪುರುಷೋತ್ತಮ ಸಾಹೇಬರು ಹಾರಿಸಿ ಬಂದು, "ನಂಜುಂಡಪ್ಪ, ಕನ್ನಡಿ ಮಾಡಿಬಿಟ್ಟಿದೀಯಲ್ಲಯ್ಯ, ಮುಖ ನೋಡ್ಕೊಂಡು ಕ್ಷೌರ ಮಾಡ್ಕೋಬಹುದು" ಎಂದರು. ಇಂಥದ್ದನ್ನೂ ಬರೆದಿಡಬೇಕು.

9 ಸೆಪ್ಟೆಂಬರ್, ಭಾನುವಾರ

ನಿನ್ನೆ ಗಣೇಶನ ಹಬ್ಬ. ನಾಲ್ಕು ದಿನದಿಂದ ಬಿಟ್ಟೂ ಬಿಡದೆ ಮಳೆ. ಶೆಡ್ಡಿನ ಮಾಡು ಮೂರು ಕಡೆ ಸೋರುತ್ತದೆ, ಅದರಲ್ಲಿ ಒಂದು ಸರಿಯಾಗಿ ವಿಮಾನದ ಮೂಗಿನ ಮೇಲೆ. ಕಾವಲಿನ ಹನುಮಂತಯ್ಯನಿಗೆ ಗೋಣಿತಾಟು ಹೊದಿಸು, ತೇವ ಒಂದೇ ಅಲಗಿಗೆ ಇಳಿಯದಿರಲಿ, ಪಂಖವನ್ನು ಅಡ್ಡಲಾಗಿ ನಿಲ್ಲಿಸು ಎಂದು ಹೇಳಿ ಬಂದಿದ್ದೇನೆ. ಮೂಡಲಪಾಳ್ಯದ ಒಕ್ಕಲಿನವನು. "ರಾಗಿಗೆ ಒಳ್ಳೇದು ಬುಡಿ" ಎಂದ. ಅವನಿಗೆ ಲೋಕದಲ್ಲಿ ಇರುವುದೆಲ್ಲ ರಾಗಿಗೆ ಒಳ್ಳೆಯದು, ಇಲ್ಲವೇ ಕೆಟ್ಟದ್ದು.

ಬಚ್ಚಲ ಬಾಗಿಲು ಈಗ ಪೂರ್ತಿ ಮುಚ್ಚುವುದಿಲ್ಲವಂತೆ. ಹಬ್ಬಕ್ಕೆ ಬಂದ ಬೀಗರ ಮುಂದೆಯೇ ಹೇಳಿದಳು. "ಬಡಗಿ ಮನೆ ಬಾಗಿಲು ನೋಡ್ರಪ್ಪಾ" ಎಂದು ಅವರು ನಕ್ಕರು. ನಾನು ನಗಲಿಲ್ಲ.

18 ಸೆಪ್ಟೆಂಬರ್, ಮಂಗಳವಾರ

ಆ ಹುಡುಗಿ ಇವತ್ತು ಒಂಟಿಯಾಗಿ ಒಂದು ಗಂಟೆ ಹಾರಬೇಕಿತ್ತು. ಹನ್ನೆರಡೇ ನಿಮಿಷಕ್ಕೆ ಇಳಿಸಿದಳು.

"ಏನೋ ನಡುಗತ್ತೆ ಸಾರ್. ಇಂಜಿನ್ನು ನಿಮಿಷಕ್ಕೆ ಎರಡು ಸಾವಿರ ಸುತ್ತು ಮುಟ್ಟಿದಾಗ ಪಾದದ ಅಡಿ ಜುಮ್ ಅನ್ನತ್ತೆ. ಕಮ್ಮಿ ಮಾಡಿದ್ರೆ ಇರಲ್ಲ."

"ಹಳೇ ಗಾಡಿ, ನಡುಗದೆ ಇರತ್ತೇನಮ್ಮ?" ಎಂದರು ಪುರುಷೋತ್ತಮ ಸಾಹೇಬರು. "ನಾನು ನಿನ್ನೆ ತಾನೆ ಹಾರಿಸಿದೀನಿ."

ಜಗನ್ನಾಥಯ್ಯನವರು ಬೋಲ್ಟು ಮುಟ್ಟಿ ನೋಡಿದರು, ಎಂಟೂ ಭದ್ರ. ಎರಡು ಅಲಗಿನ ತುದಿಯೂ ಒಂದೇ ಜಾಗ ಹಾಯುತ್ತದೆಯೇ ಎಂದು ಗೂಟ ನೆಟ್ಟು ತಿರುಗಿಸಿ ನೋಡಿದರು, ಅದೂ ಸರಿ. ಆಮೇಲೆ ಗಂಟಲು ಸರಿಮಾಡಿಕೊಂಡು, ಒಂದು ಸಲ ಬಿಚ್ಚಿ ತೂಕ ನೋಡೋಣವೇ ಎಂದರು. ನನಗೆ ರೇಗಿಹೋಯಿತು. ತೂಗಿ ಇನ್ನೂ ಒಂದು ತಿಂಗಳಾಗಿಲ್ಲ, ನನ್ನ ಕೈ ಮೇಲೆ ನಂಬಿಕೆ ಇಲ್ಲದಿದ್ದರೆ ಹೇಳಿಬಿಡಿ ಎಂದೆ. "ಛೆ ಛೆ, ಹಾಗಲ್ಲ" ಎಂದರು. ಬಿಚ್ಚಲಿಲ್ಲ.

ಬರೀ ಹೆದರಿಕೆ. ನೂರಾರು ಅಡಿ ಮೇಲೆ ಒಬ್ಬಳೇ ಕೂತರೆ ಯಾರಿಗಾದರೂ ಪಾದ ಜುಮ್ ಎನ್ನುತ್ತದೆ.

25 ಸೆಪ್ಟೆಂಬರ್, ಮಂಗಳವಾರ

ಮಳೆ. ಯಾರೂ ಹಾರಲಿಲ್ಲ. ಬಾಲದ ಕಡೆ ಒಂದು ಮರದ ಪಟ್ಟಿ ಬದಲಾಯಿಸಿದೆ.

3 ಅಕ್ಟೋಬರ್, ಬುಧವಾರ

ಹುಡುಗಿ ಮತ್ತೆ ಅರ್ಧಕ್ಕೇ ಇಳಿಸಿದಳು. ಮತ್ತದೇ ಮಾತು, ಎರಡು ಸಾವಿರ ಸುತ್ತು, ಪಾದದ ಅಡಿ. ಮೊದಲಿಗಿಂತ ಜಾಸ್ತಿ ಎಂದಳು. ಬೇರೆ ನಾಲ್ವರು ಹುಡುಗರೂ ಇದೇ ವಿಮಾನ ಹಾರಿಸುತ್ತಾರೆ, ಒಬ್ಬನೂ ಏನೂ ಹೇಳಿಲ್ಲ.

ಪುರುಷೋತ್ತಮ ಸಾಹೇಬರು ಈ ಸಲ ನಗಲಿಲ್ಲ. ನವೆಂಬರ್ ಆರಕ್ಕೆ ಹಾರುವ ಲೈಸೆನ್ಸ್ ಕೊಡುವ ಸರ್ಕಾರದ ಪರೀಕ್ಷಕರು ಬರುತ್ತಾರೆ, ಮತ್ತೆ ಬರುವುದು ಒಂದು ವರ್ಷದ ಮೇಲೆ. ಒಂಟಿಯಾಗಿ ಹಾರುವ ಎದೆ ಇಲ್ಲದವರಿಗೆ ಕ್ಲಬ್ಬಿನ ಪೆಟ್ರೋಲು ಸುಡಲಾಗದು ಎಂದರು. ಹದಿನೇಳಕ್ಕೆ ಕಮಿಟಿ ಸೇರಿ, ಅವಳ ಹೆಸರು ಆ ಪರೀಕ್ಷೆಯ ಪಟ್ಟಿಯಲ್ಲಿ ಇರಬೇಕೋ ಬೇಡವೋ ತೀರ್ಮಾನಿಸುತ್ತದೆ. ಹಾಗೆಂದು ಕಾಗದ ಅವಳ ಕೈಗೆ ಕೊಟ್ಟೂ ಆಯಿತು. ಕೊಡುವ ಮುಂಚೆ ನನ್ನನ್ನು ಕರೆದು, "ನಿನ್ನ ಪಂಖದಲ್ಲಿ ಏನಾದ್ರೂ ಇದೆಯೇನಯ್ಯ?" ಎಂದು ಕೇಳಿದರು. ನಂಜುಂಡೇಶ್ವರನ ಆಣೆಗೂ ಇಲ್ಲ ಎಂದೆ.

ಅವಳು ಕಾಗದ ಹಿಡಿದುಕೊಂಡೇ ನನ್ನ ಹತ್ತಿರ ಬಂದಳು.

"ನಂಜುಂಡಪ್ಪನವರೇ, ನಿಮ್ಮ ಕೆಲಸ ತಪ್ಪು ಅಂತಿಲ್ಲ ನಾನು. ನಡುಗತ್ತೆ ಅಂತಿದೀನಿ, ಅಷ್ಟೆ."

"ನಡುಗ್ತಿರೋದು ಪಂಖ ಅಲ್ಲಮ್ಮ, ನೀವು" ಎಂದೆ.

ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲದೊಳಗಿಟ್ಟು, ಸೈಕಲ್ಲು ಹತ್ತಿ ಹೋದಳು. ಸರಿಯಾದ ಉತ್ತರವನ್ನೇ ಕೊಟ್ಟೆ. ಊಟ ಸೇರಲಿಲ್ಲ. ಬದನೆಕಾಯಿ ಬಲಿತಿತ್ತೇನೋ.

13 ಅಕ್ಟೋಬರ್, ಶನಿವಾರ, ಆಯುಧಪೂಜೆ

ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಒಂಬತ್ತಕ್ಕೆ ಮೈದಾನದಲ್ಲಿ ಪೂಜೆ. ಲಕ್ಷ್ಮಿಯೂ ಬಂದಿದ್ದಳು. ನನ್ನ ಉಳಿ, ಗರಗಸ, ಉಜ್ಜುಗೊರಡು, ಜಗನ್ನಾಥಯ್ಯನವರ ಸ್ಪ್ಯಾನರುಗಳು ಎಲ್ಲವನ್ನೂ ತೊಳೆದು ಬಾಳೆಲೆಯ ಮೇಲೆ ಜೋಡಿಸಿದ್ದೆವು. ಇವತ್ತು ಇಟ್ಟರೆ ನಾಳೆ ವಿಜಯದಶಮಿಯ ಪೂಜೆಯಾಗುವ ತನಕ ಮುಟ್ಟುವ ಹಾಗಿಲ್ಲ. ಹಾರ ಹಾಕಲು ಅಂದವಾಗಿರುತ್ತದೆ ಎಂದು ಹನುಮಂತಯ್ಯ ಪಂಖವನ್ನು ನೆಟ್ಟಗೆ ನಿಲ್ಲಿಸಿದ್ದ. ಒಂದು ಅಲಗು ಮೇಲೆ, ಒಂದು ಕೆಳಗೆ. ಹಬ್ಬದ ದಿನ ಬಯ್ಯುವುದು ಬೇಡ ಎಂದು ಸುಮ್ಮನಾದೆ. ಎರಡೂ ಅಲಗಿನ ತುದಿಗೆ ನಾನೇ ಮೂರು ಬೆರಳಿನಲ್ಲಿ ವಿಭೂತಿ ಎಳೆದು ಕುಂಕುಮ ಇಟ್ಟೆ. ಬೂದುಗುಂಬಳ ಒಡೆದರು. ಎಲ್ಲರೂ ಕಡಲೆಪುರಿ ತಿನ್ನುತ್ತ ನೆರಳಿಗೆ ಹೋದರು.

ಹನುಮಂತಯ್ಯ ಓಡಿ ಬಂದ. "ನಂಜುಂಡಪ್ನೋರೆ, ಪಂಖ ಬೆವರ್ತೈತೆ! ದೇವ್ರು ಒಪ್ಕೊಂಡವ್ನೆ!"

ಹೋಗಿ ನೋಡಿದೆ. ಮೇಲಿನ ಅಲಗಿನ ವಿಭೂತಿ ಒಣಗಿ ಬೆಳ್ಳಗಿತ್ತು. ಕೆಳಗಿನದು ನೆನೆದು ಬೂದಿ ಬಣ್ಣಕ್ಕೆ ತಿರುಗಿ, ಕುಂಕುಮ ಗೆರೆಯಾಗಿ ಇಳಿದಿತ್ತು. ಮಳೆ ಬಂದು ಎರಡು ದಿನವಾಗಿದೆ, ಬಿಸಿಲು ಚೆನ್ನಾಗಿತ್ತು. ಒರೆಸಿ ಮತ್ತೆ ವಿಭೂತಿ ಎಳೆದೆ. ಹನುಮಂತಯ್ಯನನ್ನು ಪ್ರಸಾದಕ್ಕೆ ಕಳಿಸಿ ಅಲ್ಲೇ ಕುಕ್ಕರಗಾಲಿನಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ರಿವೆಟ್ಟಿನ ಪಕ್ಕದಿಂದ ಮತ್ತೆ ತೇವ ಹರಡಿತು. ನಾನು ಬಡಿದು ಕೂರಿಸಿದ್ದೆನಲ್ಲ, ಅದೇ ರಿವೆಟ್ಟು.

ಹಿತ್ತಾಳೆಯ ಒಳಗೆ ನೀರಿದೆ. ಮಳೆಯಲ್ಲಿ ರಿವೆಟ್ಟಿನ ಸಂದಿನಿಂದ ಒಳಗೆ ಹೋಗಿದೆ, ಹೊರಗೆ ಬರಲು ದಾರಿ ಇಲ್ಲ. ದಾರಿ ಇತ್ತು. ಮೂರು ತೂತು.

ಉಳಿ ಮುಟ್ಟುವ ಹಾಗಿರಲಿಲ್ಲ. ಲಕ್ಷ್ಮಿಯನ್ನು ಕರೆದು, ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಕೊಡು ಎಂದೆ. ವಾರ್ನಿಶ್ಶಿನ ಅಡಿ ತೂತು ಎಲ್ಲಿದೆ ಎಂದು ಕಣ್ಣಿಗೆ ಕಾಣಲಿಲ್ಲ. ಅಷ್ಟು ಚೆನ್ನಾಗಿ ಮುಚ್ಚಿದ್ದೆ. ಉಗುರಿನಲ್ಲಿ ತಡವಿ ಹುಡುಕಿ ಚುಚ್ಚಿದೆ. ಅರಗು ಚಿಟಕ್ಕೆಂದು ಒಡೆಯಿತು. ನೀರು ಹನಿ ಹನಿಯಾಗಿ ಬಿತ್ತು, ಕಂದು ಬಣ್ಣ, ಚಹಾದ ಹಾಗೆ. ಇಪ್ಪತ್ತೊಂದು ಹನಿಯವರೆಗೆ ಎಣಿಸಿದೆ.

"ಇದೇನ್ರೀ?" ಎಂದಳು ಲಕ್ಷ್ಮಿ.

"ಏನಿಲ್ಲ ನಡಿ" ಎಂದೆ.

ಇನ್ನೊಂದು ಅಲಗು ಒಣಗಿದೆ. ಒಂದು ಅಲಗು ಭಾರ, ಒಂದು ಹಗುರ. ಎರಡು ಸಾವಿರ ಸುತ್ತಿನಲ್ಲಿ ಅಷ್ಟು ನೀರು ಸಾಕು. ನಡುಗಿದ್ದು ಪಂಖವೇ.

14 ಅಕ್ಟೋಬರ್, ಭಾನುವಾರ, ವಿಜಯದಶಮಿ

ಸುಮ್ಮನೆ ತೂತು ಬಿಡಿಸಿ, ಒಣಗಿಸಿ, ತೂಗಿ ಕೂರಿಸಿದರೆ ಯಾರಿಗೂ ತಿಳಿಯುವುದಿಲ್ಲ. ಮಳೆಗಾಲದ ತೇವ ಎಂದರೆ ಮುಗಿಯಿತು. ಇನ್ನು ಹದಿನೇಳು ದಿನಕ್ಕೆ ಕೆಲಸ ಕಾಯಂ.

ಬನ್ನಿ ಕೊಡುತ್ತ ಲಕ್ಷ್ಮಿ ಕೇಳಿದಳು. "ಆ ಮೇಷ್ಟ್ರಮ್ಮನ ಹೆಸರು ತೆಗೆದುಹಾಕ್ತಾರಂತಲ್ಲ, ಹೌದಾ? ಹನುಮಂತಯ್ಯ ಹೇಳ್ತಿದ್ದ."

"ಹೌದು."

"ನಿನ್ನೆ ಅದರೊಳಗಿಂದ ನೀರು ಬಂತಲ್ಲ. ಅದಕ್ಕೂ ಇದಕ್ಕೂ ಏನಾದ್ರೂ ಇದೆಯಾ?"

ನಾನು ಬನ್ನಿ ಎಲೆಯನ್ನು ಕಿಸೆಗೆ ಹಾಕಿಕೊಂಡೆ. ಅವಳು ಬಚ್ಚಲಿಗೆ ಹೋದಳು, ಬಾಗಿಲು ನೆಲಕ್ಕೆ ಕರಕರ ಎಂದು ಉಜ್ಜಿತು. ಪೂಜೆ ಮುಗಿದಿತ್ತು. ಉಜ್ಜುಗೊರಡು ತೆಗೆದುಕೊಂಡು ಹೋಗಿ ಬಾಗಿಲ ಅಡಿಯನ್ನು ಎರಡು ನೂಲಿನಷ್ಟು ಹೆರೆದೆ. ಐದು ನಿಮಿಷದ ಕೆಲಸ. ನಾಳೆ ಜಗನ್ನಾಥಯ್ಯನವರು ಎಂಟಕ್ಕೆ ಬರುತ್ತಾರೆ. ನಾನು ಏಳೂವರೆಗೇ ಹೋಗಿರುತ್ತೇನೆ.

15 ಅಕ್ಟೋಬರ್, ಸೋಮವಾರ

ಹೇಳಿದೆ. ನಿಂತುಕೊಂಡೇ ಹೇಳಿದೆ. ಜಗನ್ನಾಥಯ್ಯನವರು ಸ್ಟೂಲಿನ ಮೇಲೆ ಕೂತು, ಆ ಪುಸ್ತಕ ತೆಗೆದು, ಅದೇ ಪುಟ ಹುಡುಕಿ ಕನ್ನಡದಲ್ಲಿ ಓದಿದರು. ಅಲಗಿನ ತುದಿಯ ತೂತುಗಳು ಸದಾ ತೆರೆದಿರಬೇಕು, ಒಳಸೇರಿದ ನೀರು ಪಂಖ ತಿರುಗುವಾಗ ಅಲ್ಲಿಂದ ಹೊರಗೆ ಸಿಡಿದು ಹೋಗುತ್ತದೆ.

"ಅವತ್ತು ಓದೋಕೆ ಬಿಡಲಿಲ್ಲ ನೀವು."

"ಬಯ್ದಾದ್ರೂ ಓದಬೇಕಿತ್ತು ಸಾರ್."

"ಅದೂ ನಿಜ" ಎಂದರು. "ಬಿಚ್ಚಿ ತೂಗಬೇಕಿತ್ತು. ರುಜು ನಂದು." ಹೀಗೇ ಒಂದೆರಡು ತಿಂಗಳು ಹಾರಿಸಿದ್ದರೆ ಇಂಜಿನ್ನು ಕೂತ ಕಂಬಿಗಳು ಬಿರುಕು ಬಿಡುತ್ತಿದ್ದವಂತೆ. ಆಕಾಶದಲ್ಲಿ ಬಿಟ್ಟಿದ್ದರೆ ಏನು ಎಂದು ನಾನು ಕೇಳಲಿಲ್ಲ.

ದಾಖಲೆ ಪುಸ್ತಕದಲ್ಲಿ "ತೇವ ಕಂಡುಬಂತು, ಸರಿಪಡಿಸಿದೆ" ಅಂತ ಬರೆದುಬಿಡ್ತೀನಿ, ಅಷ್ಟು ಸಾಕು ಎಂದರು. ನನ್ನನ್ನು ಉಳಿಸಲು ಹೇಳಿದ್ದು. ಸಾಲದು ಎಂದೆ. ಕಮಿಟಿಯವರು ಆ ಪುಸ್ತಕವನ್ನೇ ನೋಡುತ್ತಾರೆ. ಬರೀ ತೇವ ಎಂದು ಬರೆದರೆ ನವೆಂಬರಿನಲ್ಲಿ ಒಣಗಿಹೋಗುವ ಮಾತು, ಆ ಹುಡುಗಿ ಹೆದರಿದಳು ಎಂಬುದು ಹಾಗೇ ಉಳಿಯುತ್ತದೆ. ಪೆನ್ನು ತೆಗೆದುಕೊಂಡು, ಇಂಗ್ಲಿಷಿನಲ್ಲಿದ್ದ ಆ ದಾಖಲೆ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದೆ: "ಅಲಗಿನ ತುದಿಯ ಆರು ತೂತುಗಳನ್ನು ಆಗಸ್ಟ್ 26ರ ತೂಕಕ್ಕೆ ಮುಂಚೆ ಅರಗಿನಿಂದ ಮುಚ್ಚಿದವನು ನಾನು. ವಿಮಾನ ನಡುಗುತ್ತದೆ ಎಂದು ಕುಮಾರಿ ಅನಂತಲಕ್ಷ್ಮಿ ಎರಡು ಸಲ ಹೇಳಿದ್ದು ನಿಜ. ನಾನು ಇಲ್ಲ ಎಂದದ್ದು ಸುಳ್ಳು. ಬಿ. ನಂಜುಂಡಪ್ಪ, ಬಡಗಿ."

ಪುರುಷೋತ್ತಮ ಸಾಹೇಬರು ಓದಿ ಕೆಂಪಗಾದರು. ಶೆಡ್ಡು ಹಾರಿಹೋಗುವ ಹಾಗೆ ಕೂಗಿದರು. ಕೂಗಿ ಮುಗಿದ ಮೇಲೆ, "ನಾನೂ ಹಾರಿಸಿದ್ದೆನಲ್ಲಯ್ಯ, ನನಗೇಕೆ ಗೊತ್ತಾಗಲಿಲ್ಲ?" ಎಂದು ತಮ್ಮ ಬೂಟನ್ನು ನೋಡಿಕೊಂಡರು. ಅದು ದಪ್ಪ ಅಟ್ಟೆಯ ಮಿಲಿಟರಿ ಬೂಟು. ಆಕೆ ಹಾಕುವುದು ತೆಳು ಕ್ಯಾನ್ವಾಸು.

17 ಅಕ್ಟೋಬರ್, ಬುಧವಾರ

ಅನಂತಲಕ್ಷ್ಮಿಯ ಹೆಸರು ಪಟ್ಟಿಯಲ್ಲಿ ಉಳಿಯಿತು. ಆದರೆ ಪರೀಕ್ಷೆಗೆ ಕೂರಲು ಒಂಟಿಯಾಗಿ ಇನ್ನೂ ಮೂರು ಗಂಟೆ ಹಾರಿರಬೇಕು, ಪಂಖವಿಲ್ಲದೆ ವಿಮಾನ ಏಳುವುದಿಲ್ಲ. ಹೊಸದು ತರಿಸಲು ಆರು ತಿಂಗಳು. ನನ್ನ ವಿಷಯ ಆಮೇಲೆ ನೋಡುತ್ತಾರಂತೆ.

ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದೆ. ಅವಳು ಎದುರಿಗೆ ಬಂದಾಗ ಬಾಯಿಗೆ ಇಷ್ಟೇ ಬಂತು. "ನಡುಗಿದ್ದು ಪಂಖವೇ ಅಮ್ಮ."

"ಗೊತ್ತಿತ್ತು" ಎಂದಳು. "ಸರಿಮಾಡೋಕೆ ಎಷ್ಟು ದಿನ ಬೇಕು?"

"ಹತ್ತು ದಿನ. ಬಿಸಿಲಿಗೆ ಇಟ್ಟರೆ ಸೀಳು ಬಿಡತ್ತೆ. ನೆರಳಲ್ಲೇ ಒಣಗಬೇಕು."

"ಹತ್ತಕ್ಕೆ ಹನ್ನೊಂದು ಮಾಡಬೇಡಿ" ಎಂದಳು. ಮಾಡುವುದಿಲ್ಲ.

20 ಅಕ್ಟೋಬರ್, ಶನಿವಾರ

ನಿನ್ನೆಯಿಂದ ಪಂಖ ಮತ್ತೆ ಮನೆಯಲ್ಲಿದೆ. ತಗಡು ಬಿಡಿಸಿದೆ. ತುದಿಯ ಮರ ಎರಡಂಗುಲ ಕಪ್ಪಾಗಿದೆ. ಪುಣ್ಯಕ್ಕೆ ಕೊಳೆತಿಲ್ಲ, ಅಂಟು ಬಿಟ್ಟಿಲ್ಲ. ನಡುಮನೆಯ ತೊಲೆಯಲ್ಲಿ ಮಗಳ ತೊಟ್ಟಿಲು ಕಟ್ಟುತ್ತಿದ್ದ ಕೊಕ್ಕೆ ಇದೆ. ಅದಕ್ಕೆ ನಡುವಿನಿಂದ ಹಗ್ಗ ಕಟ್ಟಿ ಅಡ್ಡಲಾಗಿ ತೂಗುಹಾಕಿದ್ದೇನೆ. ಒಂದು ಕಡೆಯೇ ಗಾಳಿ ಹೊಡೆಯದಿರಲಿ ಎಂದು ಲಕ್ಷ್ಮಿ ಹೋಗುತ್ತ ಬರುತ್ತ ಮೆಲ್ಲಗೆ ತಿರುಗಿಸುತ್ತಾಳೆ. "ಮಗೂಗೂ ಇಷ್ಟು ಉಪಚಾರ ಮಾಡಿರಲಿಲ್ಲ ನೀವು" ಎಂದಳು.

24 ಅಕ್ಟೋಬರ್, ಬುಧವಾರ

ಒಣಗುತ್ತಿದೆ. ಗೆಣ್ಣಿನಿಂದ ತಟ್ಟಿ ಕೇಳುತ್ತೇನೆ. ಮೊನ್ನೆ ಹಸಿ ಕುಂಬಳದ ಸದ್ದಿತ್ತು, ಇವತ್ತು ಮರದ್ದು.

28 ಅಕ್ಟೋಬರ್, ಭಾನುವಾರ

ತಗಡು ಹೊದಿಸಿ, ರಿವೆಟ್ಟು ಹೊಸದು ಹಾಕಿ, ಬೆಸುಗೆ ಹಾಕಿದೆ. ಆರೂ ತೂತುಗಳಿಗೆ ಪಿನ್ನು ಹಾಯಿಸಿ, ದೀಪ ಹಿಡಿದು ನೋಡಿದೆ. ಇಂದು ಬೆಳಿಗ್ಗೆ ತೂಕ. ಜಗನ್ನಾಥಯ್ಯನವರು ಬಂದರು. ಅನಂತಲಕ್ಷ್ಮಿಯೂ ಬಸ್ಸಿನಲ್ಲಿ ಬಂದರು, ನಾನೇ ಹೇಳಿ ಕಳಿಸಿದ್ದೆ.

ಕಿಟಕಿ ಬಾಗಿಲು ಮುಚ್ಚಿ ಪಂಖವನ್ನು ಪಟ್ಟಿಗಳ ಮೇಲೆ ಕೂರಿಸಿದೆವು. ಒಗ್ಗರಣೆಗೆ ಕೆಮ್ಮು ಬರುತ್ತದೆ ಎಂದು ಲಕ್ಷ್ಮಿಗೆ ಒಲೆ ಆರಿಸಲು ಹೇಳಿದೆ. ಪಂಖ ಸ್ವಲ್ಪ ಹೊತ್ತು ನಿಂತು, ಮೆಲ್ಲಗೆ ಬಲಕ್ಕೆ ಇಳಿಯಿತು. ಹಗುರವಾದ ಅಲಗಿಗೆ ವಾರ್ನಿಶ್ ಹಚ್ಚಿ ಸರಿದೂಗಿಸುವುದು ಪದ್ಧತಿ. ಒಂದು ಕೈ ಹಚ್ಚಿ ಆರಲು ಬಿಟ್ಟು ನೋಡಿದರೂ ಕೂದಲೆಳೆಯಷ್ಟು ಉಳಿದಿತ್ತು. ನಾನು ಸರಿ ಎನ್ನುತ್ತಿದ್ದೆ, ಜಗನ್ನಾಥಯ್ಯನವರೂ ಸರಿ ಎಂದರು. "ಇನ್ನೂ ಬಲಕ್ಕೆ ಹೋಗ್ತಿದೆ" ಎಂದರು ಅನಂತಲಕ್ಷ್ಮಿ. ಕನ್ನಡಕ ಒರೆಸಿ ನೋಡಿದೆ. ಹೋಗುತ್ತಿತ್ತು.

ಕೊನೆಯ ಕೈ ವಾರ್ನಿಶ್ಶನ್ನು ಅವರೇ ಹಚ್ಚಿದರು. ನನ್ನ ಬೆನ್ನು ಹಿಡಿದುಕೊಂಡಿತ್ತು. ಕುಂಚವನ್ನು ಮರದ ಎಳೆಯ ಉದ್ದಕ್ಕೆ ಎಳೆಯಬೇಕು ಎಂದು ಒಂದು ಸಲ ಹೇಳಿಕೊಟ್ಟೆ, ಎರಡನೆಯ ಸಲ ಹೇಳಬೇಕಾಗಲಿಲ್ಲ. ಸಂಜೆ ನಾಲ್ಕಕ್ಕೆ ಪಂಖ ಇಟ್ಟ ಕಡೆ ಇಟ್ಟ ಹಾಗೆ ನಿಂತಿತು. ಲಕ್ಷ್ಮಿ ಎಲ್ಲರಿಗೂ ಅವಲಕ್ಕಿ ಕೊಟ್ಟಳು.

30 ಅಕ್ಟೋಬರ್, ಮಂಗಳವಾರ

ನಿನ್ನೆ ಪಂಖ ಕೂರಿಸಿ ಎಂಟೂ ಬೋಲ್ಟು ಬಿಗಿದೆವು. ನಿನ್ನೆ ಸಂಜೆ ಅನಂತಲಕ್ಷ್ಮಿ ಒಂದು ಗಂಟೆ ಹಾರಿದರು, ಏನೂ ತೊಂದರೆ ಇರಲಿಲ್ಲ. ಇವತ್ತು ಬೆಳಿಗ್ಗೆ ಹೋದವರು ಇಪ್ಪತ್ತು ನಿಮಿಷಕ್ಕೆ ಇಳಿಸಿದರು.

ಪುರುಷೋತ್ತಮ ಸಾಹೇಬರು ಟೋಪಿ ತೆಗೆದು ನೆಲಕ್ಕೆ ಬಡಿದರು. "ಮತ್ತೇನು? ಈಗ್ಲೂ ನಡುಗತ್ತಾ? ನೀನು ಹೀಗೇ—"

"ಸಾರ್, ಸ್ವಲ್ಪ ಇರಿ" ಎಂದೆ. "ಅವರು ಅಂದ್ರೆ ಇರತ್ತೆ. ಹೇಳೀಮ್ಮ, ಹೇಗಿತ್ತು?"

"ಮೊದಲಿನ ಹಾಗಲ್ಲ. ಆಗ ಜುಮ್ ಅಂತಿತ್ತು. ಈಗ ಟಕ ಟಕ ಅಂತ, ಏನೋ ಸಡಿಲ ಆದ ಹಾಗೆ."

ನಾನು ಆಗಲೇ ಸ್ಪ್ಯಾನರ್ ಹಿಡಿದು ಏಣಿ ಹತ್ತಿದ್ದೆ. ಎಂಟು ಬೋಲ್ಟುಗಳೂ ಕಾಲು ಸುತ್ತು ಒಳಗೆ ಹೋದವು. ಒಂದಂತೂ ಬೆರಳಿಗೇ ಅಲ್ಲಾಡುತ್ತಿತ್ತು. ಒಣಗಿದ ಮರ ಕುಗ್ಗುತ್ತದೆ, ಎರಡು ದಿನದಿಂದ ಬೀಸುತ್ತಿರುವ ಒಣ ಗಾಳಿಗೆ ಇನ್ನೂ ಕುಗ್ಗಿದೆ. ಬೋಲ್ಟು ಇದ್ದಲ್ಲೇ ಇದೆ, ಮರ ಹಿಂದೆ ಸರಿದಿದೆ. ಮಳೆಗಾಲದಲ್ಲಿ ಉಬ್ಬುವ ಬಚ್ಚಲ ಬಾಗಿಲು ಗೊತ್ತಿದ್ದವನಿಗೆ ಇದೂ ಗೊತ್ತಿರಬೇಕಿತ್ತು.

ಎಲ್ಲವನ್ನೂ ಬಿಗಿದು ಕೆಳಗಿಳಿದು ಆ ಬೋಲ್ಟಿನ ಮಾತನ್ನು ಸಾಹೇಬರಿಗೆ ಹೇಳಿದೆ. ಅವರು ಟೋಪಿಯ ಮಣ್ಣು ಕೊಡವಿಕೊಂಡು, "ಇನ್ನರ್ಧ ಗಂಟೆ ಗಾಳಿ ಜೋರಾಗಲ್ಲ. ಹೋಗಮ್ಮ, ಮುಗಿಸಿ ಬಾ" ಎಂದರು. ಹನುಮಂತಯ್ಯ ಪಂಖ ತಿರುಗಿಸಿ ಹಿಂದಕ್ಕೆ ಹಾರಿದ. ಇನ್ನು ಮೇಲೆ ಪ್ರತಿ ಹಾರಾಟದ ಮುಂಚೆ ಬೋಲ್ಟು ನೋಡಬೇಕು, ವಾರಕ್ಕೊಮ್ಮೆ ತೂತಿಗೆ ಪಿನ್ನು ಹಾಯಿಸಬೇಕು. ಶೆಡ್ಡಿನ ಗೋಡೆಗೆ ಬರೆದು ಅಂಟಿಸಿದ್ದೇನೆ.

1 ನವೆಂಬರ್, ಗುರುವಾರ

ಊರೆಲ್ಲ ಬಾವುಟ. ಇವತ್ತಿನಿಂದ ರಾಜ್ಯ ದೊಡ್ಡದಾಯಿತು, ಧಾರವಾಡ ಮಂಗಳೂರು ಎಲ್ಲ ನಮ್ಮ ಕಡೆ ಸೇರಿದವು. ಬಿನ್ನಿಪೇಟೆಯಲ್ಲಿ ಮೆರವಣಿಗೆ, ಸೈಕಲ್ಲಿಗೆ ದಾರಿ ಸಿಗಲಿಲ್ಲ.

ಕಮಿಟಿಯ ಕಾಗದ ಬಂತು. ಕಾಯಂ ಇಲ್ಲ. ಯುಗಾದಿಯವರೆಗೆ ಮತ್ತೆ ಪರೀಕ್ಷೆಯ ಅವಧಿ. ಲಕ್ಷ್ಮಿಗೆ ಓದಿ ಹೇಳಿ ಕಿಸೆಯಲ್ಲಿಟ್ಟೆ. ಅನಂತಲಕ್ಷ್ಮಿಯವರಿಗೆ ಇನ್ನೊಂದು ಗಂಟೆ ಹತ್ತು ನಿಮಿಷ ಬಾಕಿ. ಸಂಜೆ ಮೋಡ ಕವಿಯದಿದ್ದರೆ ಇವತ್ತೇ ಮುಗಿಯುತ್ತಿತ್ತು.

6 ನವೆಂಬರ್, ಮಂಗಳವಾರ

ಅವರ ಮೂರು ಗಂಟೆ ನಿನ್ನೆ ಸಂಜೆ ಮುಗಿದಿತ್ತು. ಇವತ್ತು ಪರೀಕ್ಷಕರು ಬಂದರು, ತೆಳ್ಳಗಿನ ಗಂಭೀರ ಮನುಷ್ಯ. ದಾಖಲೆ ಪುಸ್ತಕ ತಿರುವಿ, ನಾನು ಬರೆದ ಪುಟದಲ್ಲಿ ನಿಂತರು. "ಇದು ಯಾರು?" ಎಂದರು. ನಾನು ಮುಂದೆ ಬಂದೆ. ಇನ್ನೊಂದು ಸಲ ಓದಿದರು. ಪುಟ ತಿರುವಿದರು.

ಅನಂತಲಕ್ಷ್ಮಿಯವರು ಹತ್ತೂಕಾಲಿಗೆ ಹೊರಟರು. ಬೋಲ್ಟು ಬೆಳಿಗ್ಗೆ ಎರಡು ಸಲ ನೋಡಿದ್ದೆ, ಮೂರನೆಯ ಸಲ ಹನುಮಂತಯ್ಯನ ಕೈಯಲ್ಲಿ ನೋಡಿಸಿದೆ. ವಿಮಾನ ನಾಗರಬಾವಿಯ ರಾಗಿ ಹೊಲಗಳ ಮೇಲೆ ಎದ್ದು ಕೆಂಗೇರಿಯ ಕಡೆ ಸಣ್ಣದಾಯಿತು. ಎಂಟರ ಆಕಾರದಲ್ಲಿ ಐದು ಸುತ್ತು, ಆಮೇಲೆ ಇಂಜಿನ್ನಿನ ವೇಗ ತಗ್ಗಿಸಿ, ಇಳಿದು, ಗುರುತು ಹಾಕಿದ ಜಾಗದ ಹತ್ತಿರವೇ ನಿಲ್ಲಿಸಬೇಕು. ನಾನು ಕಿವಿ ಮಾತ್ರ ಕೊಟ್ಟು, ತಲೆ ತಗ್ಗಿಸಿ ನಿಂತಿದ್ದೆ. ಎರಡು ಸಾವಿರ ಸುತ್ತಿಗೆ ಏರಿದ ಸದ್ದು ಕೇಳಿದಾಗ ಪಾದ ನೆಲಕ್ಕೆ ಒತ್ತಿಕೊಂಡೆ. ನೆಲದ ಮೇಲೆ ನಿಂತವನಿಗೆ ಏನು ತಿಳಿಯುತ್ತದೆ?

ಗುರುತಿಗಿಂತ ಮೂರು ಮಾರು ಈಚೆಗೆ ನಿಲ್ಲಿಸಿದರು. ಪರೀಕ್ಷಕರು ಕಾಗದಕ್ಕೆ ರುಜು ಹಾಕಿ ಕೈಕುಲುಕಿದರು. ಪುರುಷೋತ್ತಮ ಸಾಹೇಬರು ಟೋಪಿ ತೆಗೆದರು, ಈ ಸಲ ಬಡಿಯಲಿಲ್ಲ. ಹುಡುಗರು ಚಪ್ಪಾಳೆ ತಟ್ಟಿದರು. ಹನುಮಂತಯ್ಯ ಸಿಳ್ಳೆ ಹೊಡೆದ.

ಗಲಾಟೆಯೆಲ್ಲ ಮುಗಿದ ಮೇಲೆ ಅವರು ನನ್ನ ಕಡೆ ಬಂದರು. ನಾನು ಪಂಖವನ್ನು ಅಡ್ಡಲಾಗಿ ತಿರುಗಿಸಿ ನಿಲ್ಲಿಸಿ, ತುದಿಯ ತೂತಿಗೆ ಪಿನ್ನು ಹಾಯಿಸುತ್ತಿದ್ದೆ.

"ಎರಡು ಸಾವಿರ ಸುತ್ತಿಗೆ ಹೇಗಿತ್ತಮ್ಮ?" ಎಂದೆ.

"ಏನೂ ಇರಲಿಲ್ಲ" ಎಂದರು.

ಇಪ್ಪತ್ತೆರಡು ವರ್ಷ ಲಾಳಿ ಮಾಡಿದೆ, ನೂರು ಜನ ಹೊಗಳಿದರು. ಇಂಥ ಮಾತು ಯಾರೂ ಹೇಳಿರಲಿಲ್ಲ. ಮನೆಗೆ ಬಂದು ಲಕ್ಷ್ಮಿಗೂ ಅದನ್ನೇ ಹೇಳಿದೆ. ಅವಳು, "ಸರಿ, ನನ್ನ ಪಿನ್ನು?" ಎಂದಳು. ಕೊಡುವುದಿಲ್ಲ ಎಂದೆ. ಬೇರೆ ಕೊಳ್ಳಲಿ.